ಬೆಂಗಳೂರಿನಲ್ಲಿ ಮನೆ ಎಲ್ಲಿ ಮಾಡೋಣ? ಮಲ್ಲೇಶ್ವರ, ಜಯನಗರ, ಯಲಹಂಕ, ವೈಟ್‌ಫೀಲ್ಡ್, ಕೆಂಗೇರಿ: ನೆಲ ನೋಡಿ ಆರಿಸುವ ಬಗೆ

ಮದ್ದೂರಿನ ನನ್ನ ಚಿಕ್ಕಮ್ಮನ ಮಗಳು ಯುಗಾದಿ ಮುಗಿದ ವಾರ ಫೋನ್ ಮಾಡಿದಳು. ಗಂಡನಿಗೆ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿದೆ. ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು. ಅವಳು ಸ್ಕೂಲ್ ಟೀಚರ್. ಮಗ ಮೂರನೇ ಕ್ಲಾಸು. ಊರಲ್ಲಿ ಅತ್ತೆ ಮಾವ ಇಬ್ಬರೇ ಇರುವುದರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿಬರಬೇಕು. “ಅಕ್ಕ, ಬೆಂಗಳೂರಲ್ಲಿ ಯಾವ ಏರಿಯಾ ಒಳ್ಳೇದು?” ಅಂತ ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ನಾನು ಈ ಊರಲ್ಲಿ ಆರು ಮನೆ ಬದಲಿಸಿದ್ದೇನೆ. ನೆಂಟರಿಗೆ, ಗೆಳತಿಯರಿಗೆ ಮನೆ ಹುಡುಕಲು ಜೊತೆಗೆ ಓಡಾಡಿದ್ದಂತೂ ಲೆಕ್ಕವಿಲ್ಲ. ಎಲ್ಲರೂ ಬಾಡಿಗೆ ಎಷ್ಟು, ಆಫೀಸ್ ಎಷ್ಟು ದೂರ, ಪಾರ್ಕಿಂಗ್ ಇದೆಯಾ ಎಂದು ಕೇಳುತ್ತಾರೆ. ಅವೂ ಬೇಕು. ಆದರೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಈ ಬೀದಿಯ ಮಳೆನೀರು ಎಲ್ಲಿಗೆ ಹೋಗುತ್ತದೆ? ಈ ಬೀದಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ ಮನೆಯ ಬಾಗಿಲು ತೆಗೆಸಿದರೆ ಸಾಕು.

ನಾನು ಇದನ್ನು ಕಲಿತದ್ದು ಕಷ್ಟಪಟ್ಟೇ. ನಮ್ಮ ಮೂರನೇ ಬಾಡಿಗೆ ಮನೆ ನೋಡಲು ಚೆಂದವಿತ್ತು. ಹೊಸ ಕಟ್ಟಡ, ಗಾಳಿ ಬೆಳಕು, ಎದುರಿಗೆ ಹೊಂಗೆ ಮರ. ಬೀದಿ ಮಾತ್ರ ಎರಡೂ ಕಡೆಯಿಂದ ಇಳಿದು ನಮ್ಮ ಮನೆ ಮುಂದೆಯೇ ಸೇರುತ್ತಿತ್ತು. ಅದನ್ನು ನಾವು ಗಮನಿಸಿರಲಿಲ್ಲ. ಅಕ್ಟೋಬರ್‌ನ ಒಂದು ರಾತ್ರಿ ಜೋರು ಮಳೆ ಬಂತು. ಚರಂಡಿ ಉಕ್ಕಿ ನೀರು ಸಂಪಿನೊಳಕ್ಕೆ ನುಗ್ಗಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕಪ್ಪು ನೀರು. ಸಂಪು ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ, ಟ್ಯಾಂಕರ್ ತರಿಸಿ ಮತ್ತೆ ಅಡುಗೆ ಶುರು ಮಾಡಲು ನಾಲ್ಕು ದಿನ ಹಿಡಿಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಹೀಗೆ ಮೂರು ಸಲ ಆಯಿತು.

ಮೊದಲು ನೆಲ

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಅದು ಮೇಜಿನ ಹಾಗೆ ಚಪ್ಪಟೆ ಇಲ್ಲ. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದುಹೋಗುತ್ತದೆ. ಅದರ ಅತಿ ಎತ್ತರದ ಜಾಗ ವಿದ್ಯಾರಣ್ಯಪುರದ ಹತ್ತಿರದ ದೊಡ್ಡಬೆಟ್ಟಹಳ್ಳಿ, ಸುಮಾರು 962 ಮೀಟರ್. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಸೇರಿ, ಅರ್ಕಾವತಿಗೆ ಹೋಗಿ, ಕೊನೆಗೆ ಕಾವೇರಿ ಮುಟ್ಟುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ದೊಡ್ಡ ನದಿ ಯಾವುದೂ ಊರೊಳಗೆ ಇಲ್ಲದ್ದರಿಂದಲೇ ಹಿಂದಿನವರು ಈ ಇಳಿಜಾರಿಗೆ ಅಡ್ಡಲಾಗಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು. ಕೆರೆಯಿಂದ ಕೆರೆಗೆ ನೀರು ಹೋಗುವ ದಾರಿಯೇ ರಾಜಕಾಲುವೆ. ಈಗ ಕೆರೆ ಮುಚ್ಚಿರಬಹುದು, ಕಾಲುವೆ ಒತ್ತುವರಿಯಾಗಿರಬಹುದು. ಇಳಿಜಾರು ಮಾತ್ರ ಎಲ್ಲೂ ಹೋಗಿಲ್ಲ. ನೀರು ತನ್ನ ಹಳೆ ದಾರಿಯಲ್ಲೇ ಬರುತ್ತದೆ.

ನೆಲದ ಕೆಳಗೆ ಏನಿದೆ ಅನ್ನುವುದೂ ಮುಖ್ಯ. ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ವಾ? ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಊರಿನ ಅಡಿಯಲ್ಲೆಲ್ಲ ಇರುವುದು ಇಂಥದೇ ಗಟ್ಟಿ ಬಂಡೆ. ಅದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಹಾಗಾಗಿ ಪಕ್ಕದ ಮನೆಯ ಬೋರ್‌ವೆಲ್‌ನಲ್ಲಿ ನೀರಿದ್ದು ನಿಮ್ಮದು ಬರೀ ಧೂಳು ಉಗುಳುವುದು ಇಲ್ಲಿ ಮಾಮೂಲು. “ಬೋರ್ ಇದೆ, ನೀರಿಗೆ ತೊಂದರೆ ಇಲ್ಲ” ಎಂದು ಓನರ್ ಹೇಳಿದರೆ, ಏಪ್ರಿಲ್‌ನಲ್ಲೂ ಬರುತ್ತಾ ಎಂದು ಮೇಲಿನ ಮನೆಯ ಬಾಡಿಗೆದಾರರನ್ನು ಕೇಳಿ.

ಎಷ್ಟು ಜನ, ಯಾವಾಗ ಬಂದರು

ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,196 ಚದರ ಕಿ.ಮೀ. 2001ರಲ್ಲಿ ಇಲ್ಲಿ 65 ಲಕ್ಷ ಜನ ಇದ್ದರು. 2011ರ ಜನಗಣತಿಯಲ್ಲಿ ಅದು 96 ಲಕ್ಷ ದಾಟಿತು. ಹತ್ತೇ ವರ್ಷದಲ್ಲಿ ಶೇ 47ರಷ್ಟು ಏರಿಕೆ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಏರಿದ್ದು ಶೇ 15ರಿಂದ 16ರಷ್ಟು ಮಾತ್ರ. ಆಗ ರಾಜ್ಯದಲ್ಲಿ ಒಂದು ಚದರ ಕಿ.ಮೀ.ಗೆ 319 ಜನ ಇದ್ದರೆ ಈ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ.

ಆ ಜನ ಎಲ್ಲಿ ಸೇರಿದರು ಅನ್ನುವುದು ಮನೆ ಹುಡುಕುವವರಿಗೆ ಬೇಕಾದ ವಿಷಯ. ಹಳೆ ಬಡಾವಣೆಗಳಲ್ಲಿ ಜಾಗವೇ ಇರಲಿಲ್ಲ. ಬಂದವರು ಅಂಚಿನಲ್ಲಿ ನೆಲೆಸಿದರು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. 2025ರಲ್ಲಿ ಅದನ್ನೇ ಐದು ಪಾಲಿಕೆಗಳಾಗಿ ಒಡೆದು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟರು. ಬೋರ್ಡು ಬದಲಾದರೂ ಒಂದು ವ್ಯತ್ಯಾಸ ಈಗಲೂ ಕಣ್ಣಿಗೆ ಹೊಡೆಯುತ್ತದೆ. ಕೆಲವು ಕಡೆ ಮೊದಲು ರಸ್ತೆ, ಚರಂಡಿ, ಪೈಪು ಹಾಕಿ ಆಮೇಲೆ ಮನೆ ಕಟ್ಟಿದರು. ಇನ್ನು ಕೆಲವು ಕಡೆ ಮೊದಲು ಮನೆ ಕಟ್ಟಿ ಆಮೇಲೆ ಪೈಪಿಗೆ ಕಾದರು. ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಹದಿನೇಳು ವರ್ಷ ಕಾದಂತಾಯಿತು. ತಂಗಿಗೆ ನಾನು ಹೇಳಿದೆ, “ಆ ನೀರು ನಿಮ್ಮ ಜಿಲ್ಲೆಯದ್ದೇ ಕಣೇ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ, ಅಷ್ಟೆತ್ತರಕ್ಕೆ ಹತ್ತಿಸಿ ತರ್ತಾರೆ. ಅದಕ್ಕೇ ಇಲ್ಲಿ ಒಂದೊಂದು ಬಕೆಟ್‌ಗೂ ಬೆಲೆ.”

ಮಲ್ಲೇಶ್ವರ

1898ರ ಪ್ಲೇಗ್ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನರನ್ನು ಕೊಂದಿತು. ಆ ಭಯದಲ್ಲಿ ಬೆಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಅದಕ್ಕೇ ಇಲ್ಲಿ ನೇರ ರಸ್ತೆಗಳು, ಲೆಕ್ಕ ತಪ್ಪದ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಸ ತೆಗೆಯಲು ಬಿಟ್ಟ ಕನ್ಸರ್ವೆನ್ಸಿ ಓಣಿಗಳು. ಕಾಡು ಮಲ್ಲೇಶ್ವರ ದೇವಸ್ಥಾನ ಬಡಾವಣೆಗಿಂತ ಇನ್ನೂರು ವರ್ಷಕ್ಕೂ ಹಳೆಯದು. ಸ್ಯಾಂಕಿ ಕೆರೆ 1882ರದ್ದು. ದಿಣ್ಣೆಗೆ ಹತ್ತಿರದ ಜಾಗ, ಕಾವೇರಿ ನೀರು ಬಂದು ದಶಕಗಳಾಗಿವೆ, ಕನ್ನಡ ಎಲ್ಲ ಅಂಗಡಿಯಲ್ಲೂ ಕೇಳಿಸುತ್ತದೆ. ಎಂಟನೇ ಕ್ರಾಸ್‌ನಲ್ಲಿ ಹಬ್ಬದ ಹಿಂದಿನ ದಿನ ಹೂವು ಕೊಳ್ಳಲು ಹೋದರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಮನೆ ಸಿಗುವುದೇ ಕಷ್ಟ. ಹೆಂಚಿನ ಮನೆ, ಕೆಂಪು ನೆಲದ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಉಳಿದ ಹಳೆ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡತಿ, ಮಕ್ಕಳು ಹೊರದೇಶದಲ್ಲಿ. ಇಂಥವರು ಮಹಡಿ ಬಾಡಿಗೆಗೆ ಕೊಡುವಾಗ ಹಣಕ್ಕಿಂತ ಜನ ನೋಡುತ್ತಾರೆ. ಗೊತ್ತಿದ್ದವರ ಮೂಲಕ ಹೋದರೆ ಬಾಡಿಗೆ ಸ್ವಲ್ಪ ಕಡಿಮೆಗೇ ಸಿಗುತ್ತದೆ. ಕಾರಿಗೆ ಜಾಗ ಕೇಳಬೇಡಿ. ಈ ರಸ್ತೆಗಳನ್ನು ಮಾಡಿದಾಗ ಇಲ್ಲಿ ಓಡಾಡುತ್ತಿದ್ದದ್ದು ಜಟಕಾ. ಕೊಳ್ಳುವುದಾದರೆ ಹಳೆಯ ಫ್ಲ್ಯಾಟ್ ನೋಡಿ. ಲಿಫ್ಟ್ ಇಲ್ಲದ ಮೂರು ಮಹಡಿಯ ಕಟ್ಟಡಗಳಲ್ಲಿ ರೂಮು ದೊಡ್ಡದು, ನೆಲದ ಪಾಲೂ ಜಾಸ್ತಿ ಬರುತ್ತದೆ.

ಜಯನಗರ

1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದರು. ಆ ನೆನಪಿಗೆ ಅಶೋಕ ಪಿಲ್ಲರ್ ಇದೆ. ಒಂದೊಂದು ಬ್ಲಾಕಿಗೂ ಪಾರ್ಕು, ಆಟದ ಮೈದಾನ, ಅಂಗಡಿ ಸಾಲು ಇರಬೇಕು ಎಂದು ಯೋಚಿಸಿ ಮಾಡಿದ ಬಡಾವಣೆ. 30×40 ಮತ್ತು 40×60 ಅಡಿಯ ಸೈಟುಗಳು. ಟಿ ಬ್ಲಾಕಿನ ಮರಗಳ ಕೆಳಗೆ ಮಧ್ಯಾಹ್ನ ಎರಡು ಗಂಟೆಗೂ ನೆರಳಲ್ಲೇ ನಡೆಯಬಹುದು.

ವಯಸ್ಸಾದವರನ್ನು ಜೊತೆಗೆ ಇಟ್ಟುಕೊಳ್ಳುವ ಮನೆಗೆ ಇಷ್ಟು ಅನುಕೂಲದ ಜಾಗ ನನಗೆ ಬೇರೆ ಕಂಡಿಲ್ಲ. ಜಯದೇವ, ನಿಮ್ಹಾನ್ಸ್, ಸಂಜಯ್ ಗಾಂಧಿ ಆಸ್ಪತ್ರೆ ಎಲ್ಲ ಹತ್ತಿರ. ನಡೆಯಲು ಸಮತಟ್ಟಾದ ಫುಟ್‌ಪಾತ್, ಕೂರಲು ಪಾರ್ಕಿನ ಬೆಂಚು. ಹಸಿರು ಮೆಟ್ರೊ 2017ರಿಂದಲೂ ಇದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರು ಇದನ್ನು ಮೊದಲು ನೋಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನಲ್ಲಿ ನಿಂತು ಕಳೆದ ಸಂಜೆಗಳು ಅವರಿಗೆ ಇನ್ನು ಬೇಡ.

ಬೆಲೆಯೇ ತೊಂದರೆ. ಇಲ್ಲಿ ಒಂದು ಸೈಟು ಕೊಳ್ಳುವ ಹಣದಲ್ಲಿ ಕೆಂಗೇರಿಯಾಚೆ ಸೈಟೂ ಕೊಂಡು ಮನೆಯೂ ಕಟ್ಟಬಹುದು. ಇನ್ನೊಂದು ಮಾತು. ಹಳೆ ಮನೆ ಕೆಡವಿ ಒಂದು ಕುಟುಂಬದ ಜಾಗದಲ್ಲಿ ನಾಲ್ಕು ಮಹಡಿ ಏಳಿಸುತ್ತಿದ್ದಾರೆ. ಒಳಚರಂಡಿ ಮಾತ್ರ ಒಂದು ಕುಟುಂಬದ ಲೆಕ್ಕದಲ್ಲಿ ಹಾಕಿದ್ದು. ನೆಲಮಹಡಿ ಮನೆ ನೋಡುವಾಗ ಬಚ್ಚಲಿನ ಜಾಲರಿಯಲ್ಲಿ ನೀರು ಹಿಂದಕ್ಕೆ ಬರುತ್ತಾ ಎಂದು ಕೇಳಲೇಬೇಕು.

ಯಲಹಂಕ

ಕೆಂಪೇಗೌಡರ ಮನೆತನದ ಊರು ಇದು. ಬೆಂಗಳೂರಿಗಿಂತ ಹಳೆಯದು. ಓಲ್ಡ್ ಟೌನ್ ಈಗಲೂ ಒಂದು ತಾಲ್ಲೂಕು ಕೇಂದ್ರದ ಹಾಗೇ ಇದೆ. ನ್ಯೂ ಟೌನ್ ಕರ್ನಾಟಕ ಗೃಹ ಮಂಡಳಿ ಮಾಡಿದ ಬಡಾವಣೆ. ಅಗಲ ರಸ್ತೆ, ಮಧ್ಯಮ ವರ್ಗದ ಸಣ್ಣ ಮನೆಗಳು, ರೈಲು ಗಾಲಿ ಕಾರ್ಖಾನೆಯಲ್ಲೋ ವಾಯುಪಡೆಯಲ್ಲೋ ಕೆಲಸ ಮಾಡಿ ನಿವೃತ್ತರಾದವರು. ಗಾಳಿ ಚೆನ್ನಾಗಿದೆ. ಪುಟ್ಟೇನಹಳ್ಳಿ ಕೆರೆಯನ್ನು ಪಕ್ಷಿಗಳಿಗಾಗಿ ಕಾಪಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆಯವರಿಗೆ ಊರಿಗೆ ಹೋಗಿಬರಲು ಸುಲಭ.

ಊರಿನ ಎತ್ತರದ ಭಾಗ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂದುಕೊಳ್ಳಬೇಡಿ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ತುಂಬಿ, ಕೆಳಗಿದ್ದ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯ ಮುಳುಗಿತು. 2024ರ ಅಕ್ಟೋಬರ್‌ನಲ್ಲಿ ಅದೇ ಜಾಗ ಮತ್ತೆ ಮುಳುಗಿ ಜನರನ್ನು ದೋಣಿಯಲ್ಲಿ ಸಾಗಿಸಿದರು. ಊರು ಎಷ್ಟೇ ಎತ್ತರದಲ್ಲಿರಲಿ, ನಿಮ್ಮ ಬೀದಿ ಕೆರೆ ಏರಿಯ ಕೆಳಗಿದ್ದರೆ ನಿಮಗೆ ಲೆಕ್ಕಕ್ಕೆ ಬರುವುದು ಆ ಏರಿ. ಏರ್‌ಪೋರ್ಟ್ ಹತ್ತಿರ ಎಂದು ಹೇಳಿ ಇಲ್ಲಿಂದ ಆಚೆಗಿನ ಹಳ್ಳಿಗಳಲ್ಲಿ ಸೈಟು ಮಾರುತ್ತಾರೆ. ಅಲ್ಲಿ ನೀರು ಯಾವುದು ಎಂದು ಕೇಳಿದರೆ ಬರುವ ಉತ್ತರ ಬೋರ್ ಅಥವಾ ಟ್ಯಾಂಕರ್. ಬರೀ ಬೋರ್ ನಂಬಿ ಅಲ್ಲಿ ಸೈಟು ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ವೈಟ್‌ಫೀಲ್ಡ್ ಕಡೆ

ತಂಗಿಯ ಗಂಡ ಮೊದಲು ಹಟ ಹಿಡಿದದ್ದು ಇಲ್ಲಿಗೇ. ಆಫೀಸಿಗೆ ನಡೆದೇ ಹೋಗಬಹುದು ಅನ್ನುವ ಆಸೆ. ಆಸೆ ತಪ್ಪಲ್ಲ. ಹೊಸ ಫ್ಲ್ಯಾಟುಗಳು ಎಲ್ಲಕ್ಕಿಂತ ಜಾಸ್ತಿ ಇರುವುದೂ ಇಲ್ಲೇ. ಈಜುಕೊಳ, ಜಿಮ್, ಮಕ್ಕಳಿಗೆ ಆಡಲು ಗೆಳೆಯರು, ರಾತ್ರಿ ಕಾವಲು. ದೇಶದ ಎಲ್ಲ ಭಾಗದ ಜನ ಒಂದೇ ಲಿಫ್ಟಿನಲ್ಲಿ ಸಿಗುತ್ತಾರೆ. ಮಗುವಿಗೆ ಮನೆಯಾಚೆ ಕನ್ನಡ ಕಿವಿಗೆ ಬೀಳಬೇಕು ಎನ್ನುವವರು ಸ್ವಲ್ಪ ಪ್ರಯತ್ನ ಹಾಕಬೇಕಾಗುತ್ತದೆ. ಒಂದು ಸಮುಚ್ಚಯದಲ್ಲಿ ಐದಾರು ಮನೆಯವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುವುದನ್ನು ನೋಡಿದ್ದೇನೆ, ಬಹಳ ಖುಷಿಯಾಯಿತು.

ಈಗ ನೆಲದ ವಿಷಯ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ ಇಳಿಯುತ್ತದೆ. ನಗರದ ನಡುವಿನ ದೊಡ್ಡ ಭಾಗದ ಮಳೆ, ಜೊತೆಗೆ ಕೊಳಚೆ, ಸೇರುವುದು ಇಲ್ಲಿಗೆ. 2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 130 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯಿತು. ಇಡೀ ವರ್ಷಕ್ಕೆ ಬರುವುದು ಸುಮಾರು 970 ಮಿಲಿಮೀಟರ್ ಅಂದರೆ ಅಂದಾಜು ಮಾಡಿ. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧ. 2024ರ ಬೇಸಿಗೆಯಲ್ಲಿ ಮಹದೇವಪುರದ ಸುತ್ತ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನೀರನ್ನು ಹೊತ್ತು ಗೊತ್ತುಮಾಡಿ ಬಿಟ್ಟರು.

ಹಾಗಂತ ವೈಟ್‌ಫೀಲ್ಡ್ ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಎತ್ತರದ ಬೀದಿಗಳೂ ಇವೆ, ನೀರು ಶುದ್ಧ ಮಾಡಿ ಮರುಬಳಸುವ ಶಿಸ್ತಿನ ಸಮುಚ್ಚಯಗಳೂ ಇವೆ. ಕಾವೇರಿ ಸಂಪರ್ಕ ಆಗಿದೆಯಾ, ತಿಂಗಳಿಗೆ ಎಷ್ಟು ಟ್ಯಾಂಕರ್ ತರಿಸಿದರು ಎಂಬುದು ಮೆಂಟೇನೆನ್ಸ್ ಲೆಕ್ಕದಲ್ಲಿ ಬರೆದಿರುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಲೆಕ್ಕ ತೋರಿಸಿ ಎಂದು ಸಂಘದವರನ್ನು ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕ ಹಾಗೆ.

ಕೆಂಗೇರಿ

ಮೈಸೂರು ರಸ್ತೆಯಲ್ಲಿ ಬರುವವರಿಗೆ ಬೆಂಗಳೂರಿನ ಬಾಗಿಲು ಇದು. ಮಂಡ್ಯ, ರಾಮನಗರ, ಮೈಸೂರಿನವರು ಜಾಸ್ತಿ. ತರಕಾರಿ ಅಂಗಡಿಯಲ್ಲಿ ಮಂಡ್ಯದ ಮಾತು ಕಿವಿಗೆ ಬೀಳುತ್ತದೆ. ಮೈಸೂರು ಕಡೆಯ ರೈಲು ಇಲ್ಲೇ ನಿಲ್ಲುತ್ತದೆ, ಮೆಜೆಸ್ಟಿಕ್‌ವರೆಗೆ ಹೋಗುವ ಕೆಲಸವಿಲ್ಲ. ನೇರಳೆ ಮೆಟ್ರೊ ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ ಬಂತು. 2023ರ ಅಕ್ಟೋಬರ್‌ನಿಂದ ಒಂದೇ ರೈಲಿನಲ್ಲಿ ವೈಟ್‌ಫೀಲ್ಡ್‌ವರೆಗೆ ಇಳಿಯದೆ ಹೋಗಬಹುದು. ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಆದರೆ ಶುರುವಿನಲ್ಲೇ ಹತ್ತುವುದರಿಂದ ಕೂರಲು ಸೀಟು ಸಿಗುತ್ತದೆ. ವಾರಕ್ಕೆ ಮೂರು ದಿನದ ಮಟ್ಟಿಗೆ ಇದು ನಡೆಯುತ್ತದೆ. ಆರು ದಿನ ಹೋಗುವವರಿಗೆ ನಾನು ಹೇಳುವುದಿಲ್ಲ.

ಇಲ್ಲಿಯ ಸ್ಯಾಟಲೈಟ್ ಟೌನ್ ಅನ್ನುವುದು ಯೋಜನೆ ಹಾಕಿ ಮಾಡಿದ ಬಡಾವಣೆ. ರಸ್ತೆ, ಪಾರ್ಕು, ನೀರಿನ ಪೈಪು ಎಲ್ಲ ಇವೆ. ಅದರಾಚೆ ಹಳ್ಳಿಗಳ ಹೊಲ ಒಡೆದು ಮಾಡಿದ ಲೇಔಟುಗಳಲ್ಲಿ ಆ ಭರವಸೆ ಇಲ್ಲ. ಒಂದೊಂದನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಇಲ್ಲಿಯ ದೊಡ್ಡ ನೋವು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆ ಎಂದು ಜನ ನಂಬಿದ ಹೊಳೆ. ಊರಿನ ಪಶ್ಚಿಮದ ಅರ್ಧ ಭಾಗದ ಕೊಳಚೆ ಹೊತ್ತು ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುತ್ತಾಳೆ. ಮಲ್ಲೇಶ್ವರದಲ್ಲೋ ರಾಜಾಜಿನಗರದಲ್ಲೋ ನಾವು ಬಚ್ಚಲಿಗೆ ಬಿಟ್ಟದ್ದನ್ನು ಕೆಂಗೇರಿಯವರು ಉಸಿರಾಡಬೇಕಾಗಿದೆ. ಇದು ನ್ಯಾಯವಲ್ಲ. ಹಗಲು ಹೊತ್ತು ಮನೆ ನೋಡಿದರೆ ವಾಸನೆ ಅಷ್ಟು ತಿಳಿಯುವುದಿಲ್ಲ. ಸಂಜೆ ಏಳರ ಮೇಲೆ, ಗಾಳಿ ನಿಂತಾಗ, ಮನೆಯ ಮಹಡಿ ಮೇಲೆ ಹತ್ತು ನಿಮಿಷ ನಿಲ್ಲಿ. ಸೊಳ್ಳೆಯೂ ಗೊತ್ತಾಗುತ್ತದೆ.

ಕಾಗದ ಪತ್ರ

ಕೊಳ್ಳುವವರಿಗೆ ಮಾತ್ರ. ಖಾತಾ ಅಂದರೆ ಆಸ್ತಿಯ ಬಗ್ಗೆ ಪಾಲಿಕೆ ಇಟ್ಟ ತೆರಿಗೆ ದಾಖಲೆ. ಎ ಖಾತಾ ಇದ್ದರೆ ಬ್ಯಾಂಕ್ ಲೋನ್ ಸುಲಭ. ಬಿ ಖಾತಾ ಅಂದರೆ ಪಾಲಿಕೆ ತೆರಿಗೆ ಕಟ್ಟಿಸಿಕೊಳ್ಳುತ್ತದೆ, ಆದರೆ ಜಾಗದ ಅನುಮತಿಯಲ್ಲೋ ಕಟ್ಟಡದಲ್ಲೋ ಕೊರತೆ ಇದೆ ಎಂದರ್ಥ. ಈಗ ನೋಂದಣಿಗೆ ಇ-ಖಾತಾ, ಅಂದರೆ ಆನ್‌ಲೈನ್ ಖಾತಾ, ಬೇಕೇ ಬೇಕು. ಮೂಲಪತ್ರ, ಋಣಭಾರ ಪತ್ರ, ಹೊಲದ ಜಾಗವಾಗಿದ್ದರೆ ಡಿಸಿ ಕನ್ವರ್ಷನ್ (ಹೊಲವನ್ನು ಮನೆ ಕಟ್ಟಲು ಬಳಸಬಹುದೆಂಬ ಜಿಲ್ಲಾಧಿಕಾರಿಯ ಆದೇಶ), ಫ್ಲ್ಯಾಟಾದರೆ ಓಸಿ (ಕಟ್ಟಡದಲ್ಲಿ ವಾಸಿಸಬಹುದೆಂಬ ಪ್ರಮಾಣಪತ್ರ). ಇವನ್ನು ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಅದರ ಜೊತೆಗೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು, ಸೈಟಿನ ಮೇಲೆ ನಿಂತು ಸರ್ವೆ ನಂಬರ್ ನೋಡಿ. ಪಕ್ಕದಲ್ಲಿ ಹಳೆ ಕೆರೆ, ಕಾಲುವೆ, ಖರಾಬು ಜಾಗ ಇದ್ದರೆ ಅಲ್ಲೇ ಸುಳಿವು ಸಿಗುತ್ತದೆ. ರಾಜಕಾಲುವೆಯಿಂದ ಎಷ್ಟು ಜಾಗ ಬಿಡಬೇಕು ಅನ್ನುವ ನಿಯಮ ಹಸಿರು ನ್ಯಾಯಮಂಡಳಿಯ 2016ರ ಆದೇಶದಲ್ಲಿ ಒಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಯಮ ಬದಲಾಗಬಹುದು, ನೀರು ಬರುವ ದಾರಿ ಬದಲಾಗುವುದಿಲ್ಲ. ಕಾನೂನು ಹೇಳುವುದಕ್ಕಿಂತ ನಾಲ್ಕು ಹೆಜ್ಜೆ ದೂರವೇ ಇರಿ.

ತಂಗಿ, ಅವಳ ಗಂಡ, ನಾನು ಮೂರು ವಾರ ಓಡಾಡಿದೆವು. ಜಯನಗರ ಅವಳಿಗೆ ತುಂಬಾ ಹಿಡಿಸಿತು, ಬಾಡಿಗೆ ಕೇಳಿ ಸುಮ್ಮನಾದಳು. ವೈಟ್‌ಫೀಲ್ಡ್‌ನಲ್ಲಿ ನೋಡಿದ ಒಂದು ಫ್ಲ್ಯಾಟ್ ನಿಜಕ್ಕೂ ಚೆನ್ನಾಗಿತ್ತು. ಆದರೆ ಅಲ್ಲಿಂದ ಮದ್ದೂರಿಗೆ ಹೊರಟರೆ ಊರು ದಾಟುವುದಕ್ಕೇ ಅರ್ಧ ದಿನ ಬೇಕು. ಕೊನೆಗೆ ಕೆಂಗೇರಿ ಸ್ಯಾಟಲೈಟ್ ಟೌನ್‌ನಲ್ಲಿ, ಹೊಳೆಯಿಂದ ದೂರ, ಏರಿನ ಮೇಲಿರುವ ಬೀದಿಯಲ್ಲಿ ಮೊದಲ ಮಹಡಿಯ ಮನೆ ಹಿಡಿದರು. ಬಾಡಿಗೆಗೆ, ಹನ್ನೊಂದು ತಿಂಗಳ ಕರಾರು. ಅದೇ ಬೀದಿಯ ಕೊನೆಯಲ್ಲಿ ಒಂದು 30×40 ಸೈಟು ಮಾರಾಟಕ್ಕಿದೆ. ತಂಗಿಯ ಗಂಡನಿಗೆ ಈಗಲೇ ಟೋಕನ್ ಕೊಡುವ ಆತುರ. ತಂಗಿ ಒಪ್ಪಿಲ್ಲ. “ಅಕ್ಟೋಬರ್ ಮಳೇಲಿ ಆ ಸೈಟ್ ಮುಂದೆ ಕೊಡೆ ಹಿಡ್ಕೊಂಡು ನಿಂತ್ಕೊಳ್ತೀನಿ. ಆಮೇಲೆ ಮಾತಾಡೋಣ” ಅಂದಿದ್ದಾಳೆ.